ಸ್ಟುಪ್ಕಾ ಅವರ ಹೆಬ್ಬಾತು ಅಧ್ಯಯನ

ನಮ್ಮ ಶಾಲೆಯ ಹೆಸರು ಎಲ್ಮ್ ಕ್ರಾಸಿಂಗ್ ಪಬ್ಲಿಕ್ ಹೈಸ್ಕೂಲ್. ಸುತ್ತಮುತ್ತ ಒಂದು ಎಲ್ಮ್ ಮರವೂ ಇಲ್ಲ, ದಾಟಿ ಹೋಗುವಂಥ ಹೊಳೆಯೋ ರೈಲು ಹಳಿಯೋ ಏನೂ ಇಲ್ಲ. ಓಹಾಯೋದ ಡೇಟನ್ ಪಟ್ಟಣ ಮುಗಿದ ಮೇಲೆ, ಜೋಳದ ಹೊಲ ಶುರುವಾಗುವ ಮೊದಲು, ಇನ್ನೂ ಏನೂ ಶುರುವಾಗಿರದ ಜಾಗದಲ್ಲಿ ನಾವಿದ್ದೇವೆ. ನಮ್ಮ ಮಕ್ಕಳು ತೀರ ಜಾಣರಲ್ಲ, ತೀರ ದಡ್ಡರೂ ಅಲ್ಲ. ಫುಟ್‌ಬಾಲ್ ತಂಡ ಅರ್ಧ ಪಂದ್ಯ ಗೆಲ್ಲುತ್ತದೆ, ಇನ್ನರ್ಧ ಸೋಲುತ್ತದೆ. ಈ ಶಾಲೆಯ ಆಫೀಸಿನಲ್ಲಿ ಕೂತು, ಬಂದವರ ಸಹಿ ಹಾಕಿಸಿಕೊಂಡು, ಎದೆಗೊಂದು 'ಅತಿಥಿ' ಚೀಟಿ ಅಂಟಿಸಿ ಒಳಗೆ ಬಿಡುವವಳು ನಾನು, ಲೋರ್ನಾ. ಪ್ರಿನ್ಸಿಪಾಲರು ಬಂದು ಹೋಗುತ್ತಾರೆ. ನಾನು ಹೋಗುವುದಿಲ್ಲ.

ಪ್ರತಿ ವರ್ಷ ಶಾಲೆ ತೆರೆದ ಕೂಡಲೇ ನಮ್ಮ ದೇಶದ ಹೈಸ್ಕೂಲುಗಳೆಲ್ಲ ಕಾಲೇಜುಗಳ ಅಡ್ಮಿಷನ್ ಆಫೀಸುಗಳಿಗೆ ತಮ್ಮ ಪರಿಚಯ ತಾವೇ ಬರೆದು ಕಳಿಸಿಕೊಳ್ಳಬೇಕು. ಎರಡು ಪುಟ. ನಮ್ಮಲ್ಲಿ ಇಷ್ಟು ಮಕ್ಕಳು, ಇಂತಿಂಥ ಪಾಠ, ಹೀಗೆ ಅಂಕ ಕೊಡುತ್ತೇವೆ, ನಮ್ಮ ವಿಶೇಷ ಇದು. ಅದರಲ್ಲಿ ಸುಳ್ಳು ಇರುವುದಿಲ್ಲ. ನಿಜವೂ ಅಷ್ಟಾಗಿ ಇರುವುದಿಲ್ಲ. ಪಕ್ಕದೂರಿನ ಹಾಥಾರ್ನ್ ಹೈಟ್ಸ್ ಶಾಲೆಯ ಪರಿಚಯ ದಪ್ಪ ನುಣುಪು ಕಾಗದದಲ್ಲಿ ಬರುತ್ತದೆ. ಅವರಿಗೆ ತಾರಾಲಯ ಇದೆ, ದೋಣಿ ತಂಡ ಇದೆ. ದೋಣಿ ಓಡಿಸಲು ನೀರೆಲ್ಲಿದೆ ಎಂದು ಈವರೆಗೆ ಯಾರೂ ಕೇಳಿಲ್ಲ.

ನಮ್ಮ ಪರಿಚಯ ಬರೆಯುವ ಹೊಣೆ, ಮಕ್ಕಳಿಗೆ ಕಾಲೇಜಿನ ದಾರಿ ಹೇಳಿಕೊಡುವ ಕೌನ್ಸೆಲರ್ ಗಿಲ್ಬರ್ಟ್ ಸ್ಟುಪ್ಕಾ ಅವರದು. ಒಳ್ಳೆಯ ಮನುಷ್ಯ. ಕನ್ನಡಕವನ್ನು ತಲೆ ಮೇಲಿಟ್ಟುಕೊಂಡು ಊರೆಲ್ಲ ಹುಡುಕುವ ಜಾತಿ. 'ನಮ್ಮ ವಿಶೇಷ' ಎಂಬ ಜಾಗದಲ್ಲಿ ಅವರು ವರ್ಷ ವರ್ಷವೂ 'ಸಾಕಷ್ಟು ಪಾರ್ಕಿಂಗ್ ಸೌಲಭ್ಯವಿದೆ' ಎಂದು ಬರೆಯುತ್ತಿದ್ದರು. ಹಾಗಾಗಿ ಯಾವ ಕಾಲೇಜಿನವರೂ ಇತ್ತ ತಲೆ ಹಾಕಿದವರಲ್ಲ. ಹೋದ ವರ್ಷ ವೆಕ್ಸ್‌ಕಂಬ್ ಕಾಲೇಜಿನ ಅಡ್ಮಿಷನ್ ಅಧಿಕಾರಿ ಇಮೊಜೆನ್ ಪ್ಲಾಟ್ ಎಂಬಾಕೆ ಬಂದದ್ದೇನೋ ನಿಜ. ನಾನು ಸಂಭ್ರಮದಿಂದ ಚೀಟಿ ಅಂಟಿಸಿದೆ. ಆಕೆ ಶೌಚಾಲಯ ಎಲ್ಲಿ ಎಂದು ಕೇಳಿದರು, ಹೋಗಿ ಬಂದರು, ಹಾಥಾರ್ನ್ ಹೈಟ್ಸ್‌ಗೆ ದಾರಿ ಕೇಳಿಕೊಂಡು ಹೊರಟುಹೋದರು.

ಈ ವರ್ಷದ ಮಾತೇ ಬೇರೆ. ಸ್ಟುಪ್ಕಾ ಅವರ ಒಬ್ಬಳೇ ಮಗಳು ಟೆಸ್ ನಮ್ಮಲ್ಲೇ ಕೊನೆಯ ವರ್ಷದಲ್ಲಿದ್ದಳು. ಅವಳಿಗೆ ಇದ್ದದ್ದು ಒಂದೇ ಆಸೆ, ವೆಕ್ಸ್‌ಕಂಬ್‌ನಲ್ಲಿ ಪ್ರಾಣಿ ವಿಜ್ಞಾನ ಓದಬೇಕು. ಅಂಕಗಳು ಚೆನ್ನಾಗಿದ್ದವು. ಆದರೆ ಆ ಕಾಲೇಜಿಗೆ ಅವಳೇ ಫೋನ್ ಮಾಡಿದಾಗ ಆ ಕಡೆಯವರು ಕೇಳಿದರಂತೆ, "ಎಲ್ಮ್ ಕ್ರಾಸಿಂಗಾ? ಪಕ್ಕದ ಇಂಡಿಯಾನಾ ರಾಜ್ಯದಲ್ಲಿತ್ತಲ್ಲ, ಅದು ಮುಚ್ಚಿ ಹೋಯ್ತಲ್ವಾ?"

ಹುಡುಗಿ ನನ್ನ ಮೇಜಿನ ಮುಂದೆಯೇ ನಿಂತು ಅಪ್ಪನಿಗೆ ಹೇಳಿದಳು, "ಅಪ್ಪ, ನಾನು ಮುಚ್ಚಿದ ಸ್ಕೂಲಲ್ಲಿ ಓದ್ತಿದೀನಂತೆ. ಪಾರ್ಕಿಂಗ್ ಬಿಟ್ಟು ಬೇರೆ ಏನಾದ್ರೂ ಬರಿ, ಪ್ಲೀಸ್."

ಸ್ಟುಪ್ಕಾ ಮೂರು ದಿನ ಕಿಟಕಿಯ ಮುಂದೆ ಕೂತರು. ಹೊರಗೆ ಫುಟ್‌ಬಾಲ್ ಮೈದಾನ. ಮೈದಾನದ ತುಂಬ ಕೆನಡಾದ ಹೆಬ್ಬಾತುಗಳು. ಹುಲ್ಲು ತಿಂದು ಹಿಕ್ಕೆ ಹಾಕುವುದು, ಹಿಕ್ಕೆ ಹಾಕಿ ಹುಲ್ಲು ತಿನ್ನುವುದು, ಇದೇ ಅವುಗಳ ದಿನಚರಿ. ಕೊಲ್ಲುವ ಹಾಗಿಲ್ಲ, ಕಾನೂನಿದೆ. ಪ್ಲಾಸ್ಟಿಕ್ ತೋಳ ನಿಲ್ಲಿಸಿದೆವು, ಅದರ ತಲೆಯ ಮೇಲೂ ಕೂತವು. ಕೊನೆಗೆ ಟೌನ್‌ಶಿಪ್ಪಿನವರು, ಅಂದರೆ ನಮ್ಮ ಊರಾಡಳಿತದವರು, ಹೆಬ್ಬಾತು ಓಡಿಸುವ ಬೆವ್ ಎಂಬಾಕೆಯನ್ನೂ ಅವಳ ಕುರಿ ಕಾಯುವ ನಾಯಿ ಡಚೆಸ್‌ಳನ್ನೂ ಗೊತ್ತು ಮಾಡಿದ್ದರು. ಬೆವ್‌ಗೆ ಮೊಣಕಾಲು ನೋವು. ಆದ್ದರಿಂದ ಶಾಲೆ ಬಿಟ್ಟ ಮೇಲೆ ನಾಯಿಯ ಜೊತೆ ಓಡುವ ಕೆಲಸ ಟೆಸ್‌ಳದು. ಅವಳು ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕಿದರೆ ಸಾಕು, ಡಚೆಸ್ ಬಾಣ.

ಇದನ್ನೆಲ್ಲ ನೋಡುತ್ತ ಕೂತಿದ್ದ ಸ್ಟುಪ್ಕಾ ನಾಲ್ಕನೆಯ ದಿನ ನನಗೊಂದು ಹಾಳೆ ತಂದುಕೊಟ್ಟರು. 'ನಮ್ಮ ವಿಶೇಷ: ಮೂವತ್ತು ವರ್ಷಗಳಿಂದ ಎಡೆಬಿಡದೆ ನಡೆದುಬಂದಿರುವ ವಲಸೆ ಹೆಬ್ಬಾತುಗಳ ಕ್ಷೇತ್ರ ಅಧ್ಯಯನ.'

"ಇದ್ಯಾರು ಮಾಡಿದ್ರು ಸಾರ್ ಅಧ್ಯಯನ?" ಎಂದೆ.

"ಲೋರ್ನಾ, ಮೂವತ್ತು ವರ್ಷದಿಂದ ಈ ಸ್ಕೂಲಲ್ಲಿ ಯಾರಾದ್ರೂ ನೆಲ ನೋಡದೆ ನಡೆದಿದಾರಾ? ಅದು ಅಧ್ಯಯನ ಅಲ್ದೆ ಇನ್ನೇನು?"

ನಾನು ಹಾಳೆಯನ್ನು ಟೈಪ್ ಮಾಡಿ ಪ್ರಿನ್ಸಿಪಾಲರ ಮೇಜಿಗೆ ಕಳಿಸಿದೆ. ಪ್ರಿನ್ಸಿಪಾಲ್ ಆರ್ಡಿತ್ ವಾನ್ಸ್ ಅವರಿಗಂತೂ ಓದುವ ಅಭ್ಯಾಸವಿಲ್ಲ, ಸಹಿ ಹಾಕುವ ಅಭ್ಯಾಸವಿದೆ. ಪರಿಚಯ ಕಾಲೇಜುಗಳಿಗೂ ಹೋಯಿತು, ಶಾಲೆಯ ವೆಬ್‌ಸೈಟಿಗೂ ಹತ್ತಿತು.

ಮರುದಿನ ಬೆಳಗ್ಗೆ ಟಾಡ್ ಬ್ರಾನಿಗನ್ ಬಂದರು. ಈತ ಒಬ್ಬ ತಂದೆ. ಅದೇ ಇವರ ವೃತ್ತಿ. ಮಗ ಪಾರ್ಕರ್‌ನನ್ನು ದೊಡ್ಡ ಕಾಲೇಜಿಗೆ ಸೇರಿಸಲು ಕಹಳೆ ಕಲಿಸಿ, ಕತ್ತಿವರಸೆ ಕಲಿಸಿ, ಯಾವುದೋ ದೂರದ ದೇಶಕ್ಕೆ ಕಳಿಸಿ ಬಾವಿ ತೋಡಿಸಿ, ಆ ಬಾವಿಯ ಮುಂದೆ ನಿಲ್ಲಿಸಿ ಫೋಟೋ ತೆಗೆಸಿದವರು. ಚೀಟಿ ಅಂಟಿಸಿಕೊಳ್ಳುವ ತಾಳ್ಮೆಯೂ ಇಲ್ಲದೆ ಒಳಗೆ ನುಗ್ಗಿದರು.

"ಏನ್ರೀ ಸ್ಟುಪ್ಕಾ, ಮೂವತ್ತು ವರ್ಷದ ಅಧ್ಯಯನ! ನಮ್ಮಿಂದ ಮುಚ್ಚಿಟ್ರಲ್ರೀ! ದಿನಾ ಸಾಯಂಕಾಲ ನಿಮ್ಮ ಮಗಳು ಹಕ್ಕಿ ಹಿಂದೆ ಓಡ್ತಿದ್ಳು, ನಾನು ಏನೋ ವ್ಯಾಯಾಮ ಅಂದ್ಕೊಂಡೆ. ಈಗ ಗೊತ್ತಾಯ್ತು ಮರ್ಮ. ಕೌನ್ಸೆಲರ್ ಮಗಳಿಗೆ ಹಕ್ಕಿ, ನಮ್ಮ ಮಕ್ಕಳಿಗೆ ಬರೀ ಹಿಕ್ಕೆನಾ?"

"ಅಯ್ಯೋ, ಹಾಗೇನಿಲ್ಲ. ಅದು ಎಲ್ಲರಿಗೂ ಇರೋದೇ..." ಎಂದು ಸ್ಟುಪ್ಕಾ ತೊದಲಿದರು.

ಅಲ್ಲೇ ಎಡವಿದರು. 'ಎಲ್ಲರಿಗೂ' ಎಂದ ಮೇಲೆ ಮುಗಿಯಿತು. ಮಧ್ಯಾಹ್ನದೊಳಗೆ ಪಾರ್ಕಿಂಗ್ ತುಂಬಿ, ಸಾಕಷ್ಟು ಸೌಲಭ್ಯವಿದೆ ಎಂಬ ಹಳೆಯ ಮಾತೂ ಸುಳ್ಳಾಯಿತು. ಹಿಂದಿನ ವಾರದವರೆಗೂ ಹೆಬ್ಬಾತು ಕಂಡರೆ ಪೊರಕೆ ಎತ್ತುತ್ತಿದ್ದ ತಾಯಂದಿರು ದುರ್ಬೀನು ಕೊಂಡರು. ಯಾರೋ ಒಬ್ಬರು ಮಗಳಿಗೆ ಹೆಬ್ಬಾತು ಟ್ಯೂಷನ್ ಹಾಕಿಸಿದರು. ಹೇಳಿಕೊಡುವವನು ನಿವೃತ್ತ ದಂತವೈದ್ಯ. ಕಾಲೇಜಿನವರಿಗೆ ನಾಯಕತ್ವ ಕಾಣಬೇಕಲ್ಲ, ಅದಕ್ಕೆ ಹೆಬ್ಬಾತು ಸಂಘಕ್ಕೆ ಒಬ್ಬ ಅಧ್ಯಕ್ಷ, ಹತ್ತೊಂಬತ್ತು ಉಪಾಧ್ಯಕ್ಷರು. ಸುಮ್ಮನೆ ಸದಸ್ಯನಾಗಿರುತ್ತೇನೆ ಎಂದ ಹುಡುಗ ಒಬ್ಬನೂ ಸಿಗಲಿಲ್ಲ. ಅಧ್ಯಕ್ಷ ಯಾರೆಂದು ಹೇಳಬೇಕಾಗಿಲ್ಲ, ಪಾರ್ಕರ್ ಬ್ರಾನಿಗನ್. ಟೆಸ್‌ಗೆ ಯಾವ ಸ್ಥಾನವೂ ಸಿಗಲಿಲ್ಲ. ಅವಳಿಗೆ ಅರ್ಜಿ ಹಾಕಲು ಪುರುಸೊತ್ತೇ ಇರಲಿಲ್ಲ, ಮೈದಾನದಲ್ಲಿ ಹೆಬ್ಬಾತು ಓಡಿಸುತ್ತಿದ್ದಳು.

ಓಡಿಸಿದಳು ಎಂದರೆ ಪೂರ್ತಿ ಓಡಿಸಿಬಿಟ್ಟಳು. ಅಕ್ಟೋಬರ್ ಮೊದಲ ವಾರ ಮೈದಾನದಲ್ಲಿ ಒಂದು ಗರಿಯೂ ಇರಲಿಲ್ಲ. ಟೌನ್‌ಶಿಪ್ಪಿನವರು ಅಭಿನಂದನೆ ಹೇಳಿದರು. ಅದೇ ದಿನ ವೆಕ್ಸ್‌ಕಂಬ್‌ನಿಂದ ಮಿಂಚಂಚೆ ಬಂತು. 'ನಿಮ್ಮ ಹೆಬ್ಬಾತುಗಳ ವಿಷಯ ಓದಿದೆ. ಕಣ್ಣಾರೆ ನೋಡಲೇಬೇಕು. ಮುಂದಿನ ಶುಕ್ರವಾರ ಬರುತ್ತೇನೆ. ಇಮೊಜೆನ್ ಪ್ಲಾಟ್.'

ಪ್ರಿನ್ಸಿಪಾಲ್ ಮೊದಲ ಸಲ ಶಾಲಾ ಪರಿಚಯ ಓದಿದರು. ಓದಿ ಕುರ್ಚಿಯಲ್ಲಿ ಕುಸಿದರು.

"ಗಿಲ್ಬರ್ಟ್, ಎಲ್ಲಿವೆ ಹೆಬ್ಬಾತು?"

"ಹೋದ್ವು, ಮೇಡಂ."

"ಎಲ್ಲಿಗೆ?"

"ನಮ್ಮ ಅತ್ತೆ ಮನೆಗೆ."

ತಮಾಷೆಯಲ್ಲ, ನಿಜ. ಸ್ಟುಪ್ಕಾ ಅವರ ಅತ್ತೆ ನೋರೀನ್ ಇರುವುದು ಎರಡು ಮೈಲಿ ಆಚೆ, ವಯಸ್ಸಾದವರಿಗೆಂದೇ ಕಟ್ಟಿದ ಬಡಾವಣೆಯಲ್ಲಿ. ಅಲ್ಲೊಂದು ಗಾಲ್ಫ್ ಮೈದಾನ, ನಡುವೆ ಒಂದು ಕೊಳ. ನಮ್ಮ ಹೆಬ್ಬಾತುಗಳು ಸಂಸಾರ ಸಮೇತ ಅಲ್ಲಿ ಬೀಡುಬಿಟ್ಟಿದ್ದವು.

ಸ್ಟುಪ್ಕಾ ಒಂದು ಮೂಟೆ ಜೋಳ ಹೊತ್ತುಕೊಂಡು ಅಲ್ಲಿಗೆ ಹೋದರು. ಜೊತೆಗೆ ಹೋಗಿ ಎಂದು ಪ್ರಿನ್ಸಿಪಾಲ್ ನನ್ನನ್ನೂ ಅಟ್ಟಿದರು. ಗಾಲ್ಫ್ ಗಾಡಿಯನ್ನು ನಾನು ಮೆಲ್ಲಗೆ ಓಡಿಸುವುದು, ಸ್ಟುಪ್ಕಾ ಹಿಂದೆ ಕೂತು ಜೋಳ ಚೆಲ್ಲುತ್ತ "ಬಾ ಬಾ ಬಾ" ಎನ್ನುವುದು. ಹೆಬ್ಬಾತುಗಳು ಜೋಳ ಮುಗಿಯುವವರೆಗೆ ಬಂದವು. ಮುಗಿದ ಮೇಲೆ ತಿರುಗಿ ಹೋದವು. ಅಷ್ಟರಲ್ಲಿ ಟೌನ್‌ಶಿಪ್ ಅಧಿಕಾರಿ ಡ್ವೇನ್ ಜೀಪಿನಲ್ಲಿ ಬಂದಿಳಿದ.

"ಏನ್ ಸಾರ್ ಇದು? ಹೆಬ್ಬಾತಿಗೆ ತಿನ್ನಿಸೋ ಹಾಗಿಲ್ಲ, ಬೋರ್ಡು ಕಾಣ್ಸಲ್ವಾ? ಅದನ್ನ ಹಾಕಿ ಅಂತ ಅರ್ಜಿ ಕೊಟ್ಟೋರೇ ನೀವು!"

"ಡ್ವೇನ್, ಆಗಿನ ಮಾತು ಆಗಾಯ್ತಪ್ಪ. ಈಗ ನಮಗೆ ಅವು ವಾಪಸ್ ಬೇಕು."

"ವಾಪಸ್ಸಾ? ಓಡಿಸ್ರಪ್ಪ ಓಡಿಸ್ರಪ್ಪ ಅಂತ ನಮ್ಮ ಪ್ರಾಣ ತಿಂದ್ರಿ, ನಾಯಿ ಇಟ್ವಿ, ಈಗ ವಾಪಸ್ ಬೇಕಾ? ಏನ್ ಮನೆ ಸಾಮಾನಾ ಸಾರ್, ಅಂಗಡಿಗೆ ಕೊಟ್ಟು ಬದಲಾಯಿಸ್ಕೊಳ್ಳಕ್ಕೆ?"

ಆಗ ಕೊಳದ ದಂಡೆಯ ಮನೆಯಿಂದ ನೋರೀನ್ ಚಪ್ಪಲಿಯಲ್ಲೇ ಬಂದರು. ಎಪ್ಪತ್ತೆಂಟರ ಮುದುಕಿ, ಅಳಿಯನ ಬಗ್ಗೆ ಒಳ್ಳೆಯ ಮಾತಾಡಿದ್ದನ್ನು ಯಾರೂ ಕೇಳಿಲ್ಲ. "ಬಿಡಪ್ಪ ಡ್ವೇನ್, ತಗೊಂಡು ಹೋಗ್ಲಿ," ಎಂದರು. "ನನ್ನ ಮಗಳನ್ನ ತಗೊಂಡು ಹೋದ, ನಾನು ಸುಮ್ನಿರ್ಲಿಲ್ವಾ? ಅಳಿಯಂದಿರೇ, ನೋಡಿ, ನನ್ನ ಸೂರಿನ ಮೇಲೂ ನಾಲ್ಕಿವೆ, ಅವನ್ನೂ ಮರೀಬೇಡಿ. ಇಷ್ಟು ವರ್ಷದಲ್ಲಿ ಉಪಯೋಗದ ಕೆಲಸ ಅಂತ ನೀವು ಮಾಡಿದ್ದು ಇದೊಂದೇ."

ಅವತ್ತು ಒಂದೂ ಬರಲಿಲ್ಲ. ದಂಡದ ಚೀಟಿ ಮಾತ್ರ ಕೈಗೆ ಬಂತು. ಮಂಕಾಗಿ ಕೂತ ಅಪ್ಪನನ್ನು ನೋಡಿ ಟೆಸ್ ನಕ್ಕುಬಿಟ್ಟಳು.

"ಅಪ್ಪ, ಜೋಳ ಬೇಡ, ಏನೂ ಬೇಡ. ಡಚೆಸ್‌ನ ಒಂದು ವಾರ ಮೈದಾನಕ್ಕೆ ಬಿಡಬೇಡ. ಅವೇ ಬರ್ತವೆ."

"ಬಂದ್ರೆ ನಿನ್ನ ಕಾಲೇಜು ಸಿಕ್ಕ ಹಾಗೇ ಕಣೇ."

"ಅಪ್ಪ," ಎಂದಳು ಹುಡುಗಿ, ಈಗ ನಗದೆ. "ಅವರು ಬಂದು ಇದೆಲ್ಲ ಬುರುಡೆ ಅಂತ ಗೊತ್ತಾದ್ರೆ? ಮುಚ್ಚಿದ ಸ್ಕೂಲಿಗಿಂತ ಸುಳ್ಳು ಹೇಳೋ ಸ್ಕೂಲು ಕಡೆ ಅಲ್ವಾ?"

ಸ್ಟುಪ್ಕಾ ಮುಖ ಬಿಳುಚಿತು. ಪಾಪ, ಈ ಪ್ರಶ್ನೆ ಅವರಿಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ನನಗೂ ಅದರಲ್ಲಿ ಪಾಲಿತ್ತು. ಆ ಹಾಳೆಯನ್ನು ಟೈಪ್ ಮಾಡಿದವಳು ನಾನೇ ಅಲ್ಲವೇ?

ಡಚೆಸ್ ಮನೆಯಲ್ಲೇ ಉಳಿದಳು. ಹೆಬ್ಬಾತುಗಳಿಗೆ ಸುದ್ದಿ ಹೇಗೆ ಮುಟ್ಟುತ್ತದೋ, ಬುಧವಾರ ನಾಲ್ಕು ಬಂದವು. ಗುರುವಾರ ಮೈದಾನದ ಅರ್ಧ ತುಂಬಿತು. ಶುಕ್ರವಾರ ಹುಲ್ಲು ಕಾಣುತ್ತಿರಲಿಲ್ಲ. ನಮ್ಮವಲ್ಲದೆ ಪಕ್ಕದ ಜಿಲ್ಲೆಯ ನೆಂಟರೂ ಬಂದಿರಬೇಕು.

ಇಮೊಜೆನ್ ಪ್ಲಾಟ್ ಹತ್ತು ಗಂಟೆಗೆ ಬಂದರು. ನಾನು ಚೀಟಿ ಅಂಟಿಸಿದೆ. "ಶೌಚಾಲಯ ಬಲಗಡೆ," ಎಂದೆ, ಹಳೆಯ ನೆನಪಿನಲ್ಲಿ. "ಬೇಡ, ಮೊದಲು ಹೆಬ್ಬಾತು ತೋರ್ಸಿ," ಎಂದರಾಕೆ. ಪ್ರಿನ್ಸಿಪಾಲ್ ನನ್ನ ಕೈ ಹಿಸುಕಿದರು.

ಅವತ್ತು ಬೆವ್ ಮೊಣಕಾಲಿನ ಡಾಕ್ಟರ ಬಳಿ ಹೋಗಿದ್ದರಿಂದ ನಾಯಿಯನ್ನು ಸ್ಟುಪ್ಕಾ ಅವರ ಕೋಣೆಯಲ್ಲಿ ಕೂಡಿಹಾಕಿದ್ದೆವು. ಮೈದಾನದಲ್ಲಿ ಹತ್ತೊಂಬತ್ತು ಉಪಾಧ್ಯಕ್ಷರು ಒಂದೇ ಬಣ್ಣದ ಅಂಗಿ ತೊಟ್ಟು, ಕೊರಳಲ್ಲಿ ದುರ್ಬೀನು ತೂಗುಬಿಟ್ಟು, ಮೂರು ಮಾರು ದೂರದಲ್ಲಿದ್ದ ಹೆಬ್ಬಾತುಗಳನ್ನು ದುರ್ಬೀನಿನಲ್ಲಿ ನೋಡುತ್ತಿದ್ದರು. ಹಿಂದೆ ತಂದೆ ತಾಯಂದಿರ ಸಾಲು. ಅಧ್ಯಕ್ಷ ಪಾರ್ಕರ್ ಮುಂದೆ ಬಂದು ಭಾಷಣಕ್ಕೆ ನಿಂತ.

"ಹೆಬ್ಬಾತು ನಮಗೆ ಏನನ್ನು ಕಲಿಸುತ್ತದೆ? ನಾಯಕತ್ವವನ್ನು ಕಲಿಸುತ್ತದೆ..."

ಅಷ್ಟು ಹೇಳುವಷ್ಟರಲ್ಲಿ ಒಂದು ಹೆಬ್ಬಾತು ಬಂದು ಅವನ ಜೇಬಿಗೆ ಕೊಕ್ಕು ಹಾಕಿತು. ಹಿಂದೆಯೇ ಇನ್ನೊಂದು. ಹಿಂದೆಯೇ ಇನ್ನಿಪ್ಪತ್ತು. ಆಮೇಲೆ ತಿಳಿದದ್ದು ಇಷ್ಟು: ಹಕ್ಕಿಗಳು ಮಗನ ಹತ್ತಿರ ಬಂದು ಫೋಟೋ ಚೆನ್ನಾಗಿ ಬರಲಿ ಎಂದು ಬ್ರಾನಿಗನ್ ಅವನ ನಾಲ್ಕೂ ಜೇಬಿಗೆ ಜೋಳ ತುಂಬಿಸಿದ್ದರು. ತಮ್ಮ ಜೇಬಿಗೂ ತುಂಬಿಕೊಂಡಿದ್ದರು, ಖಾಲಿಯಾದರೆ ಇರಲಿ ಎಂದು.

"ಪಾರ್ಕರ್, ಅಲುಗಾಡ್ಬೇಡ, ನಗು! ಕ್ಯಾಮೆರಾ ನೋಡು!" ಎಂದು ಕೂಗಿದರು ಬ್ರಾನಿಗನ್. ಹೆಬ್ಬಾತುಗಳು ಆ ದನಿ ಬಂದ ಕಡೆ ತಿರುಗಿದವು. ಮುಂದಿನ ಕ್ಷಣ ಬ್ರಾನಿಗನ್ ಕಾಣಲಿಲ್ಲ, ರೆಕ್ಕೆಗಳಷ್ಟೇ ಕಂಡವು. "ಅಯ್ಯೋ, ನನ್ನ ಪ್ಯಾಂಟು! ಯಾರಾದ್ರೂ ಹಿಡ್ಕೊಳ್ರೋ!" ಎಂಬ ದನಿ ಮಾತ್ರ ಬರುತ್ತಿತ್ತು. ಉಪಾಧ್ಯಕ್ಷರೆಲ್ಲ ತಮ್ಮ ನಾಯಕತ್ವವನ್ನು ತೋರಿಸಿ, ಎಲ್ಲರಿಗಿಂತ ಮುಂದೆ ಓಡಿದರು. ದಂತವೈದ್ಯರು ಗೋಲಿನ ಕಂಬ ಹತ್ತಿದರು. ಪ್ರಿನ್ಸಿಪಾಲ್ ಹಾಟ್‌ಡಾಗ್ ಅಂಗಡಿಯ ಕಟ್ಟೆ ಏರಿ, "ಮಕ್ಕಳೇ, ಶಾಂತಿ, ಶಾಂತಿ!" ಎಂದು ಹೆಬ್ಬಾತುಗಳಿಗೆ ಹೇಳುತ್ತಿದ್ದರು. ಇಮೊಜೆನ್ ಪ್ಲಾಟ್ ತಮ್ಮ ಚೀಲವನ್ನು ತಲೆಯ ಮೇಲೆ ಹೊತ್ತು ಮೈದಾನದ ನಟ್ಟನಡುವೆ ನಿಂತುಬಿಟ್ಟಿದ್ದರು. ಆಕೆಯನ್ನು ಕಾಪಾಡಲು ಹೋದ ಸ್ಟುಪ್ಕಾ, ಮೂವತ್ತು ವರ್ಷದಲ್ಲಿ ಮೊದಲ ಸಲ ನೆಲ ನೋಡದೆ ಓಡಿ, ಜಾರಿ, ಬೆನ್ನ ಮೇಲೆ ಜಾರುತ್ತಲೇ ಬಂದು ಆಕೆಯ ಕಾಲ ಬುಡದಲ್ಲಿ ನಿಂತರು.

ಆಗ ಕೇಳಿಸಿತು ಸಿಳ್ಳೆ.

ಕೋಣೆಯ ಕಿಟಕಿಯ ಜಾಲರಿ ಹರಿದುಕೊಂಡು ಡಚೆಸ್ ಹೊರಗೆ ಹಾರಿದಳು. ಬೊಗಳಲಿಲ್ಲ, ಕಚ್ಚಲಿಲ್ಲ. ಹೊಟ್ಟೆಯನ್ನು ನೆಲಕ್ಕೆ ತಾಗಿಸಿ ದೊಡ್ಡದೊಂದು ಸುತ್ತು ಹಾಕಿದಳು. ಟೆಸ್ ಒಂದು ಸಿಳ್ಳೆ ಹಾಕಿದರೆ ಎಡಕ್ಕೆ, ಎರಡು ಹಾಕಿದರೆ ಬಲಕ್ಕೆ. ಹೆಬ್ಬಾತುಗಳು ಒಂದೇ ಗುಂಪಾಗಿ ಸರಿದವು, ಎದ್ದವು, ಹಾರಿದವು, ಅತ್ತೆ ನೋರೀನ್ ಅವರ ಮನೆಯ ದಿಕ್ಕಿಗೆ ಹೊರಟುಹೋದವು. ಮೈದಾನ ಗಪ್‌ಚಿಪ್ ಆಯಿತು. ಬ್ರಾನಿಗನ್ ಮಾತ್ರ ಪ್ಯಾಂಟಿನ ಉಳಿದ ಭಾಗವನ್ನು ಹಿಡಿದುಕೊಂಡು ನಿಂತಿದ್ದರು.

ಮಲಗಿದ್ದಲ್ಲಿಂದಲೇ ಸ್ಟುಪ್ಕಾ ಹೇಳಿದರು, "ಮೇಡಂ, ಅಧ್ಯಯನ ಗಿಧ್ಯಯನ ಏನೂ ಇಲ್ಲ. ಬರೀ ಹಿಕ್ಕೆ. ನಾನು ಬರೆದಿದ್ದು ಬುರುಡೆ. ತಪ್ಪು ನನ್ದು, ಹುಡುಗೀದಲ್ಲ. ಅವಳು ಒಳ್ಳೆಯ ಹುಡುಗಿ, ಅಷ್ಟು ಮಾತ್ರ ನಂಬಿ."

"ಅಧ್ಯಯನನಾ?" ಎಂದರು ಪ್ಲಾಟ್. "ಈ ದರಿದ್ರ ಹಕ್ಕೀನ ಬುದ್ಧಿ ಇರೋರು ಯಾರಾದ್ರೂ ಅಧ್ಯಯನ ಮಾಡ್ತಾರೇನ್ರೀ? ನಮ್ಮ ಕಾಲೇಜಲ್ಲಿ ಮುನ್ನೂರು ಇವೆ. ಹೋದ ಮೇ ತಿಂಗಳು ಪದವಿ ಪ್ರದಾನದ ದಿನ, ಆರು ಸಾವಿರ ಜನರ ಎದುರಿಗೆ, ನಮ್ಮ ಅಧ್ಯಕ್ಷರು ಉದ್ದನೆ ನಿಲುವಂಗಿ ಸಮೇತ ಹಿಕ್ಕೆ ಮೇಲೆ ಜಾರಿ ಬಿದ್ರು. ಇನ್ನೂ ಕೋಲು ಹಿಡ್ಕೊಂಡೇ ನಡೀತಿದಾರೆ. ಮೂವತ್ತು ವರ್ಷ ಇವುಗಳ ಜೊತೆ ಏಗಿರೋ ಸ್ಕೂಲು ಅಂತ ಓದಿದೆ, ಇವರಿಗೆ ಏನಾದ್ರೂ ಉಪಾಯ ಗೊತ್ತಿರಬೇಕು ಅಂತ ಓಡಿ ಬಂದೆ." ಆಕೆಯ ಕಣ್ಣು ಡಚೆಸ್ ಮೇಲೆ ನೆಟ್ಟಿತ್ತು. "ಆ ನಾಯಿ ಯಾರ್ದು?"

ಬೆವ್‌ಗೆ ಹೇಗೂ ಕೆಲಸ ಬಿಡುವ ಮನಸ್ಸಿತ್ತು. ಒಳ್ಳೆಯ ಜಾಗ, ಕುರಿ ಫಾರಂ ಬೇರೆ ಇದೆ ಎಂದು ಕೇಳಿ ನಾಯಿಯನ್ನು ಕಾಲೇಜಿಗೆ ಕೊಡಲು ಒಪ್ಪಿಕೊಂಡಳು. ನವೆಂಬರಿನಲ್ಲಿ ಡಚೆಸ್ ವೆಕ್ಸ್‌ಕಂಬ್‌ಗೆ ಹೋದಳು. ಎಲ್ಮ್ ಕ್ರಾಸಿಂಗ್ ಶಾಲೆಯ ಇತಿಹಾಸದಲ್ಲಿ ಆ ಕಾಲೇಜಿಗೆ ಆಯ್ಕೆಯಾದ ಮೊದಲ ಜೀವ ಅದು. ಟೆಸ್ ಕಾರಿನ ಕಿಟಕಿಯೊಳಗೆ ತಲೆ ಹಾಕಿ ನಾಯಿಯ ಕತ್ತು ತಬ್ಬಿ ಅತ್ತಳು. ಅವಳ ಸ್ವಂತ ಅರ್ಜಿ ಹೋಗಿ ಎಷ್ಟೋ ದಿನವಾಗಿತ್ತು. ಅದರ ಸುದ್ದಿಯೇ ಇರಲಿಲ್ಲ. ಹುಡುಗಿಗೆ ಸಿಗದ ಕಾಲೇಜು ನಾಯಿಗೆ ಸಿಕ್ಕಿತು ಎಂದು ಊರೆಲ್ಲ ನಗುತ್ತಿತ್ತು. ಸ್ಟುಪ್ಕಾ ಮಾತ್ರ ನಗಲಿಲ್ಲ, ಊಟವೂ ಸರಿಯಾಗಿ ಮಾಡುತ್ತಿರಲಿಲ್ಲ.

ಥ್ಯಾಂಕ್ಸ್‌ಗಿವಿಂಗ್ ಹಬ್ಬ ಕಳೆದ ಸೋಮವಾರ ನನ್ನ ಮೇಜಿನ ಫೋನ್ ಬಡಿದುಕೊಂಡಿತು.

"ನಾನು ಪ್ಲಾಟ್ ಮಾತಾಡೋದು. ನಿಮ್ಮ ನಾಯಿ ಕೆಲಸ ಮಾಡ್ತಿಲ್ಲ ಕಣ್ರೀ! ಸುಮ್ನೆ ಕೂತಿರುತ್ತೆ. ಹೆಬ್ಬಾತುಗಳು ಅದರ ಪಕ್ಕಾನೇ ಕೂತಿರ್ತವೆ. ನಮ್ಮ ಪ್ರೊಫೆಸರುಗಳು ಒಬ್ಬೊಬ್ಬರಾಗಿ ಸಿಳ್ಳೆ ಹಾಕಿ ನೋಡಿದ್ರು. ಅಧ್ಯಕ್ಷರೂ ಹಾಕಿದ್ರು. ಅವರ ಹಲ್ಲಿನ ಸೆಟ್ಟು ಬಿತ್ತು, ನಾಯಿ ಏಳ್ಲಿಲ್ಲ."

"ಅದು ಟೆಸ್ ಸಿಳ್ಳೆಗೆ ಮಾತ್ರ ಏಳೋದು ಮೇಡಂ," ಎಂದೆ.

"ಯಾರು ಟೆಸ್?"

"ಟೆಸ್ ಸ್ಟುಪ್ಕಾ. ನಿಮ್ಮ ಮೇಜಿನ ಮೇಲೇ ಇರಬೇಕು ನೋಡಿ, ಅರ್ಜಿ."

ಆ ಕಡೆ ಕಾಗದದ ಸರಸರ ಸದ್ದು. ಪ್ಲಾಟ್ ಓದುತ್ತಿದ್ದರು. "ಅಂಕ ಇಷ್ಟು ಚೆನ್ನಾಗಿದೆ!" ಎಂದರು ಕೊನೆಗೆ. "ಇದನ್ನ ಯಾಕೆ ಪಕ್ಕಕ್ಕಿಟ್ಟಿದಾರೆ? ಓಹ್, ಚೀಟಿ ಇದೆ. 'ಇಂಡಿಯಾನಾ ಶಾಲೆ, ಮುಚ್ಚಿದೆ' ಅಂತ ಬರೆದಿದಾರೆ."

"ಮುಚ್ಚಿಲ್ಲ ಮೇಡಂ. ಹೋದ ವರ್ಷ ನಮ್ಮ ಶೌಚಾಲಯಕ್ಕೆ ಬಂದಿದ್ರಲ್ಲ."

ಡಿಸೆಂಬರಿನಲ್ಲಿ ಪತ್ರ ಬಂತು. ಸ್ಟುಪ್ಕಾ ಅದನ್ನು ನನ್ನ ಮೇಜಿನ ಮುಂದೆಯೇ ಓದಿದರು, ಕನ್ನಡಕ ಹುಡುಕಿ ಮತ್ತೊಮ್ಮೆ ಓದಿದರು, ಆಮೇಲೆ ಮಗಳನ್ನು ತಬ್ಬಿಕೊಂಡು ಚಿಕ್ಕ ಮಗುವಿನ ಹಾಗೆ ಅತ್ತರು. ನಾನೂ ಅತ್ತೆ. ನಾಚಿಕೆ ಏನು ಬಂತು? ನೋರೀನ್ ಫೋನಿನಲ್ಲಿ, "ಹುಡುಗಿ ನನ್ನ ಕಡೆಯವರ ಹಾಗೆ," ಎಂದರಂತೆ. ಬ್ರಾನಿಗನ್ ಕಿರಿಯ ಮಗಳಿಗೆ ಅದೇ ತಳಿಯ ನಾಯಿಮರಿ ಕೊಡಿಸಿದರು. ವಸಂತ ಬರುವ ಹೊತ್ತಿಗೆ ಊರಿನಲ್ಲಿ ಅಂಥ ಮರಿಗಳ ಬೆಲೆ ಮೂರು ಪಟ್ಟಾಗಿ, ಸಂಜೆಯಾದರೆ ಬೀದಿ ಬೀದಿಯಲ್ಲೂ ಮಕ್ಕಳು ಸಿಳ್ಳೆ ಹಾಕುವುದು, ಮರಿಗಳು ಸೋಫಾ ಕಡಿಯುವುದು. ಡಚೆಸ್ ಇಲ್ಲದ ಮೈದಾನಕ್ಕೆ ಹೆಬ್ಬಾತುಗಳು ನೆಮ್ಮದಿಯಾಗಿ ಹಿಂತಿರುಗಿದವು.

ಮುಂದಿನ ವರ್ಷ ಶಾಲೆ ತೆರೆದಾಗ ಸ್ಟುಪ್ಕಾ ಹೊಸ ಪರಿಚಯ ತಂದುಕೊಟ್ಟರು. 'ಕಳೆದ ವರ್ಷ ನಮ್ಮಿಂದ ವೆಕ್ಸ್‌ಕಂಬ್ ಕಾಲೇಜಿಗೆ ಆಯ್ಕೆಯಾದವರು: ಇಬ್ಬರು. ಅವರಲ್ಲಿ ಒಬ್ಬರಿಗೆ ಊಟ ವಸತಿ ಸಹಿತ ಪೂರ್ತಿ ವಿದ್ಯಾರ್ಥಿವೇತನ.'

"ಸಾರ್," ಎಂದೆ, "ಟೆಸ್‌ಗೆ ಸಿಕ್ಕಿದ್ದು ಅರ್ಧ ತಾನೇ?"

"ಹೌದು," ಎಂದರು ಸ್ಟುಪ್ಕಾ. "ಪೂರ್ತಿ ಸಿಕ್ಕಿದ್ದು ಡಚೆಸ್‌ಗೆ. ಈ ಸಲ ಒಂದಕ್ಷರ ಸುಳ್ಳಿಲ್ಲ ಲೋರ್ನಾ, ಧೈರ್ಯವಾಗಿ ಟೈಪ್ ಮಾಡಿ."